ಬೀದಿಗೆ ಒಗ್ಗುವ ಬ್ಯಾಗು

ಕ್ಯಾಮೆರಾ ಕೊಳ್ಳುವಾಗ ನಾವು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತೇವೆ. ಸೆನ್ಸರ್ ಎಷ್ಟು ದೊಡ್ಡದು, ಲೆನ್ಸ್ ಯಾವುದು, ಇಎಂಐ ಎಷ್ಟು ಕಂತು ಎಂದು ಸಿಕ್ಕಸಿಕ್ಕ ಸೀನಿಯರ್‌ಗಳನ್ನೆಲ್ಲ ಕೇಳುತ್ತೇವೆ. ಬ್ಯಾಗಿನ ಮಾತು ಬಂದಾಗ ಮಾತ್ರ ‘ಅದೇನು ಬಿಡಪ್ಪಾ, ಕ್ಯಾಮೆರಾ ಜೊತೆ ಫ್ರೀ ಕೊಡ್ತಾರಲ್ಲ’ ಎಂದು ಸುಮ್ಮನಾಗಿಬಿಡುತ್ತೇವೆ. ಮದುವೆ ಫೋಟೊ ತೆಗೆಯುವವರಿಗೆ ಆ ಬ್ಯಾಗು ಸಾಕಾಗಬಹುದು. ಛತ್ರದ ಮೂಲೆಯಲ್ಲಿ ಒಂದು ಕುರ್ಚಿ ಹಿಡಿದು ಅದರ ಮೇಲಿಟ್ಟರೆ ಆಯಿತು. ಬೀದಿಯಲ್ಲಿ ಫೋಟೊ ತೆಗೆಯುವವರಿಗೆ ಕುರ್ಚಿಯೂ ಇಲ್ಲ, ಮೂಲೆಯೂ ಇಲ್ಲ. ಬ್ಯಾಗು ಇಡೀ ದಿನ ಮೈಮೇಲೆಯೇ ಇರಬೇಕು. ಅಷ್ಟೇ ಅಲ್ಲ, ನಾವು ಬೀದಿಯನ್ನು ಸರಿಯಾಗಿ ನೋಡುವ ಮೊದಲೇ ಬೀದಿ ನಮ್ಮ ಬ್ಯಾಗನ್ನು ನೋಡಿ ಮುಗಿಸಿರುತ್ತದೆ.

ನಾನು ಬೆಂಗಳೂರಿನಲ್ಲಿ ಬಿ.ಇ. ಓದುತ್ತಿರುವ ತಿಪಟೂರಿನ ಹುಡುಗ. ಈಗ ಐದನೇ ಸೆಮಿಸ್ಟರ್. ಸೀನಿಯರ್ ಒಬ್ಬರಿಂದ ಕೊಂಡ ಸೆಕೆಂಡ್ ಹ್ಯಾಂಡ್ ಕ್ಯಾನನ್ 1500ಡಿ ನನ್ನ ಬಳಿ ಇದೆ. ಅದಕ್ಕೆ ಹಣ ಬಂದದ್ದು ಅಮ್ಮ ಎತ್ತಿದ ಚೀಟಿಯಿಂದ. ಹಾಗಾಗಿ ಅದು ಕೆಳಗೆ ಬಿದ್ದರೆ, ನೆನೆದರೆ, ಕಳುವಾದರೆ ಇನ್ನೊಂದು ಬರುವುದಿಲ್ಲ. ಒಳ್ಳೆಯ ಬ್ಯಾಗು ಬೇಕು ಎಂದು ಫೋನಿನಲ್ಲಿ ಹೇಳಿ, ಅಂಗಡಿಯವರು ಹೇಳಿದ ನಾಲ್ಕೂವರೆ ಸಾವಿರದ ಬೆಲೆಯನ್ನೂ ಹೇಳಿದೆ. ‘ಚೀಲಕ್ಕೆ ಯಾಕೋ ಅಷ್ಟು ದುಡ್ಡು? ಒಳಗಿರೋದು ಹುಷಾರಾಗಿದ್ರೆ ಸಾಕಲ್ವಾ?’ ಎಂದರು ಅಮ್ಮ. ಸಾಕು ನಿಜ. ಆದರೆ ಹುಷಾರಾಗಿ ಇಡುವುದು ಅಂದರೇನು ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ ಅನಿಸಿತು.

ಮೂರು ಭಾನುವಾರ, ಮೂರು ಬ್ಯಾಗು

ನಾನು ಗೆಳೆಯರಿಂದ ಮೂರು ಬಗೆಯ ಬ್ಯಾಗುಗಳನ್ನು ಎರವಲು ತಂದೆ. ಒಂದು ಬೆನ್ನಿಗೆ ಹಾಕುವ ಕ್ಯಾಮೆರಾ ಬ್ಯಾಕ್‌ಪ್ಯಾಕ್, ಒಂದು ಹೆಗಲಿಗೆ ನೇತುಹಾಕುವ ಮುಚ್ಚಳದ ಬ್ಯಾಗು, ಇನ್ನೊಂದು ಎದೆಗೆ ಅಡ್ಡಲಾಗಿ ಹಾಕುವ ಸಣ್ಣ ಸ್ಲಿಂಗ್. ಒಂದೊಂದು ಭಾನುವಾರ ಒಂದೊಂದು. ದಾರಿ ಮಾತ್ರ ಅದೇ: ಬೆಳಿಗ್ಗೆ ಆರಕ್ಕೆ ಕೆ.ಆರ್. ಮಾರುಕಟ್ಟೆಯ ಹೂವಿನ ಭಾಗ, ಅಲ್ಲಿಂದ ಅವೆನ್ಯೂ ರಸ್ತೆ, ಮೈಸೂರು ಬ್ಯಾಂಕ್ ವೃತ್ತ, ಮತ್ತೆ ಒಳದಾರಿಯಲ್ಲಿ ಚಿಕ್ಕಪೇಟೆ. ಲ್ಯಾಬ್‌ನಲ್ಲಿ ಮಾಡುವಂತೆಯೇ, ಬೇರೆಲ್ಲವನ್ನೂ ಹಾಗೇ ಇಟ್ಟು ಒಂದನ್ನು ಮಾತ್ರ ಬದಲಿಸಿದ್ದು.

ಬ್ಯಾಕ್‌ಪ್ಯಾಕ್ ಹೊರಲು ಹಾಯಾಗಿತ್ತು. ಭಾರ ಎರಡೂ ಹೆಗಲಿಗೆ ಸಮನಾಗಿ ಹಂಚಿಹೋಗುತ್ತದೆ. ಆದರೆ ಮಾರುಕಟ್ಟೆಯ ಓಣಿಗಳಲ್ಲಿ ಬೆನ್ನ ಹಿಂದೆ ಒಂದಡಿ ಉದ್ದಕ್ಕೆ ಚಾಚಿಕೊಂಡ ಡುಬ್ಬ ಎಲ್ಲಿ ತಾಗುತ್ತದೆ ಎಂಬುದು ಹೊತ್ತವನಿಗೆ ಕಾಣುವುದಿಲ್ಲ. ಸೇವಂತಿಗೆ ಮೂಟೆ ಹೊತ್ತವರು ‘ಸೈಡ್, ಸೈಡ್’ ಎನ್ನುತ್ತಾ ಬರುವಾಗ ನಾನು ಗೋಡೆಗೆ ಒತ್ತಿ ನಿಂತರೂ ಬ್ಯಾಗು ಅರ್ಧ ದಾರಿಯಲ್ಲಿಯೇ ಇತ್ತು. ಕ್ಯಾಮೆರಾ ತೆಗೆಯಬೇಕೆಂದರೆ ಬ್ಯಾಗು ಬೆನ್ನಿನಿಂದ ಇಳಿಸಬೇಕು. ಇಳಿಸಿ ಇಡುವುದೆಲ್ಲಿ? ನೆಲವೆಲ್ಲ ನೀರು, ಬಾಳೆ ಎಲೆ, ಕೊಳೆತ ಹೂವು. ಒಂದು ಹೆಗಲಲ್ಲಿ ನೇತುಹಾಕಿಕೊಂಡೇ ಜಿಪ್ ಎಳೆದು ಕ್ಯಾಮೆರಾ ಹೊರತೆಗೆಯುವ ಹೊತ್ತಿಗೆ, ಇಬ್ಬರು ಹೂವಿನವರು ನಗುತ್ತಾ ಹಾರದ ಎರಡು ತುದಿ ಹಿಡಿದು ಉದ್ದ ನೋಡುತ್ತಿದ್ದ ದೃಶ್ಯ ಮುಗಿದು, ಹಾರ ಬುಟ್ಟಿ ಸೇರಿತ್ತು.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಆ ಬ್ಯಾಗಿನ ಮೇಲೆ ಕ್ಯಾಮೆರಾ ಕಂಪನಿಯ ಹೆಸರು ಅಂಗೈ ಅಗಲದ ಅಕ್ಷರದಲ್ಲಿತ್ತು. ‘ಯಾವ ಚಾನೆಲ್ ತಮ್ಮಾ?’ ಎಂದು ಅವತ್ತು ನನ್ನನ್ನು ಕೇಳಿದವರು ಒಬ್ಬಿಬ್ಬರಲ್ಲ. ಯಾವ ಚಾನೆಲ್ಲೂ ಅಲ್ಲ, ಕಾಲೇಜು ಹುಡುಗ ಎಂದರೂ ನಂಬಿಕೆ ಬರಲಿಲ್ಲ. ನಿಂಬೆಹಣ್ಣಿನ ವ್ಯಾಪಾರಿಯೊಬ್ಬರು ಚರಂಡಿ ತೋರಿಸಿ, ‘ಇದನ್ನ ಹಾಕಿ ಟೀವೀಲಿ, ಎಷ್ಟು ಸಲ ಹೇಳೋದು’ ಎಂದು ದನಿ ಎತ್ತಿದರು. ಪಕ್ಕದವರು ಮುಖ ತಿರುಗಿಸಿ ಕೂತರು. ಕ್ಯಾಮೆರಾ ಇನ್ನೂ ಹೊರಬಂದಿರಲೇ ಇಲ್ಲ. ಬ್ಯಾಗೊಂದೇ ಅಷ್ಟು ಕೆಲಸ ಮಾಡಿತ್ತು.

ಎರಡನೇ ವಾರ ಹೆಗಲ ಬ್ಯಾಗು. ಕ್ಯಾಮೆರಾ ತೆಗೆಯುವುದು ಸುಲಭ. ಮುಚ್ಚಳ ಎತ್ತಿದರೆ ಕೈಗೆ ಸಿಗುತ್ತದೆ. ಆದರೆ ಮುಚ್ಚಳಕ್ಕೆ ವೆಲ್ಕ್ರೊ ಪಟ್ಟಿ ಇತ್ತು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಲ್ ತನ್ನ ನಾಯಿಯ ರೋಮಕ್ಕೆ ಅಂಟಿದ ಮುಳ್ಳುಕಾಯಿ ನೋಡಿ ಕಂಡುಹಿಡಿದ ಈ ಪಟ್ಟಿ ತುಂಬ ಉಪಕಾರಿ, ಒಪ್ಪೋಣ. ಆದರೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಓದಿನಲ್ಲಿ ಮೈಮರೆತಿದ್ದ ಹಿರಿಯರೊಬ್ಬರ ಪಕ್ಕದಲ್ಲಿ ಅದು ‘ಪರ್ರ್’ ಎಂದಾಗ ಅವರು ಬೆಚ್ಚಿ ತಲೆಯೆತ್ತಿದರು. ಇನ್ನೊಂದು ತೊಂದರೆ: ತಗ್ಗಿನ ಕೋನಕ್ಕೆಂದು ಬಗ್ಗಿದಾಗಲೆಲ್ಲ ಬ್ಯಾಗು ಹೆಗಲಿನಿಂದ ಜಾರಿ ಮುಂದಕ್ಕೆ ಬರುತ್ತಿತ್ತು.

ಮೂರನೆಯದು ಸ್ಲಿಂಗ್. ಹಿಂದಿದ್ದದ್ದನ್ನು ಒಮ್ಮೆ ಎಳೆದರೆ ಎದೆಯ ಮುಂದೆ ಬರುತ್ತದೆ, ಬಗ್ಗಿದರೂ ಜಾರುವುದಿಲ್ಲ. ಜಾಗ ಕಡಿಮೆ, ಒಂದು ಕ್ಯಾಮೆರಾ, ಅದಕ್ಕೆ ಹಾಕಿದ ಲೆನ್ಸು, ಇನ್ನೊಂದು ಚಿಕ್ಕ ಲೆನ್ಸು, ಅಷ್ಟೇ. ಕೊರತೆ ಎಂದರೆ ಭಾರವೆಲ್ಲ ಒಂದೇ ಹೆಗಲಿಗೆ. ಗಂಟೆಗೊಮ್ಮೆ ಹೆಗಲು ಬದಲಿಸಬೇಕು. ಅದರ ಬೆಲೆಯನ್ನೂ ಕೇಳಬೇಡಿ.

ಲೆಕ್ಕದ ಪುಸ್ತಕದಿಂದ ಸ್ವಲ್ಪ

ಈಗ ಭಾರದ ಲೆಕ್ಕ. ನನ್ನ ಕ್ಯಾಮೆರಾ ಬ್ಯಾಟರಿ ಸಮೇತ 475 ಗ್ರಾಂ. ಜೊತೆಗೆ ಬರುವ 18-55 ಮಿ.ಮೀ. ಲೆನ್ಸ್ ಸುಮಾರು 200 ಗ್ರಾಂ. 50 ಮಿ.ಮೀ. ಪುಟ್ಟ ಲೆನ್ಸ್ 160 ಗ್ರಾಂ. ದೂರದ್ದನ್ನು ಹತ್ತಿರ ತರುವ 55-250 ಮಿ.ಮೀ. ಲೆನ್ಸ್ 375 ಗ್ರಾಂ. ಎಲ್ಲ ಸೇರಿದರೂ ಒಂದೂಕಾಲು ಕೆಜಿ ದಾಟುವುದಿಲ್ಲ. ಆದರೆ ದೊಡ್ಡ ಬ್ಯಾಗು ಖಾಲಿ ಜಾಗ ಬಿಡುವುದಿಲ್ಲ. ಫ್ಲ್ಯಾಶ್ ಇರಲಿ, ಪವರ್ ಬ್ಯಾಂಕ್ ಇರಲಿ, ಟ್ರೈಪಾಡ್ ಒಂದು ಇದ್ದುಬಿಡಲಿ ಎಂದು ತುಂಬುತ್ತಾ ಹೋದರೆ ಮೂರು ನಾಲ್ಕು ಕೆಜಿ ಆಗುವುದು ಗೊತ್ತೇ ಆಗುವುದಿಲ್ಲ. ಬೀದಿ ಛಾಯಾಗ್ರಹಣ ಎಂದರೆ ಮುಕ್ಕಾಲು ಪಾಲು ನಡೆಯುವುದು, ಕಾಯುವುದು. ಹೆಗಲು ನೋಯತೊಡಗಿದ ಮೇಲೆ ಕಣ್ಣು ಫೋಟೊ ಹುಡುಕುವುದಿಲ್ಲ, ಕೂರಲು ಕಟ್ಟೆ ಹುಡುಕುತ್ತದೆ.

ಬೀದಿ ಛಾಯಾಗ್ರಹಣದ ದೊಡ್ಡ ಹೆಸರುಗಳು ಹೊತ್ತದ್ದು ಕಡಿಮೆಯೇ. ಫ್ರಾನ್ಸಿನ ಆನ್ರಿ ಕಾರ್ತಿಯೆ ಬ್ರೆಸಾನ್ ಜೀವನದ ಬಹುಪಾಲು ಕೆಲಸ ಮಾಡಿದ್ದು ಸಣ್ಣ ಲೈಕಾ ಕ್ಯಾಮೆರಾ, 50 ಮಿ.ಮೀ. ಲೆನ್ಸಿನಲ್ಲಿ. ಕ್ಯಾಮೆರಾದ ಹೊಳೆಯುವ ಭಾಗಗಳಿಗೆ ಕಪ್ಪು ಟೇಪು ಸುತ್ತುತ್ತಿದ್ದರು. ಅಮೆರಿಕದ ಶಿಕಾಗೊದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ ವಿವಿಯನ್ ಮೇಯರ್ ಕತ್ತಿಗೆ ನೇತುಹಾಕಿಕೊಂಡಿದ್ದ ರೋಲಿಫ್ಲೆಕ್ಸ್‌ನ ಲೆನ್ಸ್ ಬದಲಿಸಲು ಬರುವಂಥದ್ದೇ ಅಲ್ಲ. 2007ರಲ್ಲಿ ಆಕೆಯ ಪೆಟ್ಟಿಗೆಗಳು ಹರಾಜಾದ ಮೇಲೆ ಬೆಳಕಿಗೆ ಬಂದ ನೆಗೆಟಿವ್‌ಗಳು ಒಂದು ಲಕ್ಷಕ್ಕೂ ಹೆಚ್ಚು.

ಆದ್ದರಿಂದ ಬ್ಯಾಗು ಕೊಳ್ಳುವ ಮೊದಲು ಬ್ಯಾಗಿಗೆ ಏನೇನು ಹಾಕುವುದಿಲ್ಲ ಎಂಬ ಪಟ್ಟಿ ಮಾಡುವುದು ಒಳ್ಳೆಯದು. ನನ್ನ ಪಟ್ಟಿಯಲ್ಲಿ ಫ್ಲ್ಯಾಶ್, ಟ್ರೈಪಾಡ್, 55-250 ಹೊರಗುಳಿದವು. ಒಳಗುಳಿದವು ಕ್ಯಾಮೆರಾ, ಎರಡು ಚಿಕ್ಕ ಲೆನ್ಸು, ಹೆಚ್ಚುವರಿ ಬ್ಯಾಟರಿ, ಒರೆಸುವ ಬಟ್ಟೆ, ಅರ್ಧ ಲೀಟರ್ ನೀರು. ನೀರಿನ ಬಾಟಲಿಗೆ ಬ್ಯಾಗಿನ ಹೊರಗಡೆಯೇ ಜೇಬಿರಬೇಕು, ಕ್ಯಾಮೆರಾ ಪಕ್ಕದಲ್ಲಿ ಅದಕ್ಕೆ ಜಾಗವಿಲ್ಲ.

ಇನ್ನು ಪಟ್ಟಿಯ ಅಗಲ. ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೇವೆ. ಎರಡೂವರೆ ಸೆಂಟಿಮೀಟರ್ ಪಟ್ಟಿಯ ಬದಲು ಐದು ಸೆಂಟಿಮೀಟರ್ ಪಟ್ಟಿ ಇದ್ದರೆ ಅದೇ ಭಾರ ಹೆಗಲಿನ ಮೇಲೆ ಅರ್ಧದಷ್ಟೇ ಒತ್ತುತ್ತದೆ. ಪಟ್ಟಿಯ ಉದ್ದವೂ ಮುಖ್ಯ. ಉದ್ದ ಬಿಟ್ಟಷ್ಟೂ ಬ್ಯಾಗು ಲೋಲಕದಂತೆ ತೂಗಿ ಹೆಜ್ಜೆಹೆಜ್ಜೆಗೂ ತೊಡೆಗೆ ಬಡಿಯುತ್ತದೆ. ಸೊಂಟಕ್ಕಿಂತ ತುಸು ಮೇಲೆ ಮೈಗೆ ಅಂಟಿ ಕೂರುವಂತೆ ಬಿಗಿ ಮಾಡಿಕೊಂಡರೆ ಆಟ ನಿಲ್ಲುತ್ತದೆ.

ಫೋಮಿನ ಕೆಲಸವನ್ನೂ ಹೀಗೇ ತಿಳಿಯಬಹುದು. ಒಂದು ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಸೆಕೆಂಡಿಗೆ ಸುಮಾರು 4.4 ಮೀಟರ್ ವೇಗದಲ್ಲಿರುತ್ತದೆ. ಆ ವೇಗ ಒಂದು ಮಿಲಿಮೀಟರ್ ದೂರದಲ್ಲಿ ನಿಂತುಹೋದರೆ ಬೀಳುವ ಪೆಟ್ಟಿಗಿಂತ, ಹತ್ತು ಮಿಲಿಮೀಟರ್ ಕುಗ್ಗುತ್ತಾ ನಿಂತರೆ ಬೀಳುವ ಪೆಟ್ಟು ಹತ್ತರಲ್ಲಿ ಒಂದು ಪಾಲು. ಹಾಗಾಗಿ ಬೆರಳಲ್ಲಿ ಒತ್ತಿದರೆ ಪೂರಾ ಚಪ್ಪಟೆಯಾಗುವ ಸ್ಪಂಜು ಪ್ರಯೋಜನವಿಲ್ಲ. ನಿಧಾನವಾಗಿ ಕುಗ್ಗಿ ಮತ್ತೆ ಏಳುವ ಗಟ್ಟಿ ಫೋಮ್ ಬೇಕು. ಹೆಚ್ಚು ದಪ್ಪ ಇರಬೇಕಾದದ್ದು ಬದಿಗಳಲ್ಲಲ್ಲ, ತಳದಲ್ಲಿ. ಬಸ್ಸಿನ ನೆಲಕ್ಕೆ, ಕ್ಲಾಸಿನ ಬೆಂಚಿಗೆ ನಾವು ದಿನಕ್ಕೆ ಹತ್ತು ಸಲ ಕುಕ್ಕುವುದು ತಳವನ್ನೇ.

ಬಟ್ಟೆಯ ಗುಣ ಹೇಳುವಾಗ ಅಂಗಡಿಯವರು ‘ಡೆನಿಯರ್’ ಎಂಬ ಪದ ಬಳಸುತ್ತಾರೆ. 9,000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಡೆನಿಯರ್. ಸಂಖ್ಯೆ ಹೆಚ್ಚಾದಷ್ಟೂ ನೂಲು ದಪ್ಪ, ಬಟ್ಟೆ ಭಾರ. ಆದರೆ ಮಳೆ ನೀರು ಒಳಗೆ ಇಳಿಯುವುದು ಸಾಮಾನ್ಯವಾಗಿ ಬಟ್ಟೆಯಿಂದಲ್ಲ, ಹೊಲಿಗೆಯ ತೂತುಗಳಿಂದ ಮತ್ತು ಜಿಪ್‌ನಿಂದ. ಪರೀಕ್ಷೆ ಸರಳ: ಖಾಲಿ ಬ್ಯಾಗಿನೊಳಗೆ ಹಳೇ ಪೇಪರ್ ತುಂಬಿ, ಮೇಲಿನಿಂದ ಎರಡು ಚೊಂಬು ನೀರು ಸುರಿಯಿರಿ. ಪೇಪರ್ ಎಲ್ಲಿ ಒದ್ದೆಯಾಗಿದೆಯೋ ಅಲ್ಲಿ ತೊಂದರೆ ಇದೆ. ಅಂಗಡಿಯಲ್ಲಿ ಇದನ್ನು ಮಾಡಲು ಬಿಡುವುದಿಲ್ಲ, ಅದಕ್ಕೇ ಗೆಳೆಯರ ಬ್ಯಾಗು ಇರುವುದು!

ನನ್ನ ಚೀಲ ಹುಟ್ಟಿದ ಬಗೆ

ಮೂರು ವಾರದ ಕೊನೆಗೆ ನನಗೆ ಬೇಕಾದದ್ದು ಏನೆಂದು ಸ್ಪಷ್ಟವಾಗಿತ್ತು. ಸ್ಲಿಂಗ್‌ನಂತೆ ಮೈಗೆ ಅಡ್ಡಲಾಗಿ ಕೂರಬೇಕು, ಹೆಗಲ ಬ್ಯಾಗಿನಂತೆ ಮೇಲಿನಿಂದ ತೆರೆಯಬೇಕು, ಸದ್ದು ಮಾಡಬಾರದು, ಮತ್ತು ಯಾರ ಕಣ್ಣಿಗೂ ಕ್ಯಾಮೆರಾ ಬ್ಯಾಗಿನಂತೆ ಕಾಣಬಾರದು. ಅಂಥದ್ದು ಕಾಲೇಜಿಗೆ ಹೋಗುವವರ ಕ್ಯಾನ್ವಾಸ್ ಚೀಲವೇ. ಅದನ್ನು ಕೊಂಡೆ. ಒಳಗೆ ಕೂರುವ ಮೆತ್ತನೆಯ ಗೂಡನ್ನು ಮಾತ್ರ ಬೇರೆಯಾಗಿ ಮಾಡಿಸಿದೆ. ಹಳೆಯ ಯೋಗಾ ಮ್ಯಾಟ್ ಕತ್ತರಿಸಿ, ಅಳತೆ ಬರೆದು, ಚಿಕ್ಕಪೇಟೆಯ ಓಣಿಯೊಂದರಲ್ಲಿ ಬ್ಯಾಗು ರಿಪೇರಿ ಮಾಡುವವರ ಕೈಗೆ ಕೊಟ್ಟೆ. ಚೀಟಿಯಲ್ಲಿದ್ದ ನನ್ನ ಎಂಜಿನಿಯರಿಂಗ್ ಡ್ರಾಯಿಂಗನ್ನು ಅವರು ನೋಡಿಯೂ ನೋಡದ ಹಾಗೆ ಮಡಚಿಟ್ಟು, ‘ಕ್ಯಾಮೆರಾನೇ ಕೊಡಿ ಇಲ್ಲಿ’ ಎಂದರು. ಅದನ್ನು ಮ್ಯಾಟಿನಲ್ಲಿ ಸುತ್ತಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅರ್ಧ ಗಂಟೆಯಲ್ಲಿ ಹೊಲಿದು ಕೊಟ್ಟರು. ತಳಕ್ಕೆ ಎರಡು ಪದರ ಕೊಟ್ಟದ್ದು ಅವರದೇ ಬುದ್ಧಿ. ಚೀಲ, ಹೊಲಿಗೆ ಎಲ್ಲ ಸೇರಿ ಏಳುನೂರು ರೂಪಾಯಿಯೊಳಗೆ ಮುಗಿಯಿತು.

ಇದು ಬಡವರ ಉಪಾಯ ಎಂದು ಮೂಗು ಮುರಿಯಬೇಡಿ. ಜಗತ್ತಿನ ಹೆಸರಾಂತ ಕ್ಯಾಮೆರಾ ಬ್ಯಾಗುಗಳ ಹುಟ್ಟೂ ಸುಮಾರಾಗಿ ಹೀಗೇ. ಇಂಗ್ಲೆಂಡಿನ ಬಿಲಿಂಗ್‌ಹ್ಯಾಮ್ ಕಂಪನಿ 1973ರಲ್ಲಿ ಹೊಲಿಯಲು ಶುರುಮಾಡಿದ್ದು ಮೀನು ಹಿಡಿಯುವವರ ಚೀಲಗಳನ್ನು. ಫೋಟೊಗ್ರಾಫರ್‌ಗಳು ಅವನ್ನೇ ಕೊಂಡು ಕ್ಯಾಮೆರಾ ಹಾಕಿಕೊಳ್ಳತೊಡಗಿದ ಮೇಲೆ ಅದು ಕ್ಯಾಮೆರಾ ಬ್ಯಾಗಿನ ಕಂಪನಿಯಾಯಿತು. ಅಮೆರಿಕದ ಪತ್ರಿಕಾ ಛಾಯಾಗ್ರಾಹಕ ಜಿಮ್ ಡಾಮ್‌ಕಿ 1970ರ ದಶಕದಲ್ಲಿ, ಆಗಿನ ಪೆಟ್ಟಿಗೆಯಂಥ ಬ್ಯಾಗುಗಳು ಸಾಕಾಗಿ, ಮೈಗೆ ಅಂಟಿ ಕೂರುವ ಮೆತ್ತನೆಯ ಕ್ಯಾನ್ವಾಸ್ ಚೀಲವನ್ನು ತಾನೇ ರೂಪಿಸಿಕೊಂಡ. ಇಂದಿಗೂ ಅದು ಅವನ ಹೆಸರಿನಲ್ಲೇ ಮಾರಾಟವಾಗುತ್ತದೆ.

ನನ್ನ ಸಹಪಾಠಿ ಗೆಳತಿಯೊಬ್ಬಳು ಕೂಡ ಬೀದಿ ಫೋಟೊ ತೆಗೆಯುತ್ತಾಳೆ. ಅವಳ ಮೊದಲ ಷರತ್ತು ಭಾರವೂ ಅಲ್ಲ, ಬೆಲೆಯೂ ಅಲ್ಲ. ಜಿಪ್ ಮೈಯ ಕಡೆಗಿರಬೇಕು, ತುಂಬಿದ ಬಸ್ಸಿನಲ್ಲಿ ಬ್ಯಾಗನ್ನು ಮುಂದಕ್ಕೆ ತಂದು ಎರಡೂ ಕೈಯಲ್ಲಿ ಅಪ್ಪಿಕೊಂಡು ನಿಲ್ಲುವಂತಿರಬೇಕು. ‘ನಿಮಗೆ ಅದು ಬ್ಯಾಗು, ನಮಗೆ ಗೋಡೆ’ ಅನ್ನುತ್ತಾಳೆ. ಬ್ಯಾಗಿನ ಬಗ್ಗೆ ಸಲಹೆ ಕೊಡುವ ಹುಡುಗರು ಯಾರೂ ಇದನ್ನು ಹೇಳುವುದನ್ನು ನಾನು ಕೇಳಿಲ್ಲ. ಈಗ ನನ್ನ ಚೀಲದ ಜಿಪ್ ಕೂಡ ಒಳಗಡೆಗೇ ಇದೆ.

ಯಾರಿಂದ ಮುಚ್ಚಿಡುವುದು?

ಬ್ಯಾಗು ಕ್ಯಾಮೆರಾ ಬ್ಯಾಗಿನಂತೆ ಕಾಣಬಾರದು ಎಂದೆ. ಹಾಗಾದರೆ ಇದು ಕದ್ದು ಫೋಟೊ ತೆಗೆಯುವ ಉಪಾಯವಲ್ಲವೇ ಎಂದು ಹಾಸ್ಟೆಲಿನಲ್ಲಿ ಒಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಅಮೆರಿಕದ ವಾಕರ್ ಇವಾನ್ಸ್ 1938ರಿಂದ 1941ರವರೆಗೆ ನ್ಯೂಯಾರ್ಕಿನ ನೆಲದಡಿಯ ರೈಲುಗಳಲ್ಲಿ ಕೋಟಿನೊಳಗೆ ಕ್ಯಾಮೆರಾ ಬಚ್ಚಿಟ್ಟು, ಗುಂಡಿಗಳ ನಡುವಿನಿಂದ ಲೆನ್ಸ್ ಇಣುಕಿಸಿ ಪ್ರಯಾಣಿಕರ ಫೋಟೊ ತೆಗೆದರು. ಅವು ಪುಸ್ತಕವಾಗಿ ಬಂದದ್ದು 1966ರಲ್ಲಿ. ಫೋಟೊಗಳು ಅಪರೂಪದವು, ಸುಳ್ಳಲ್ಲ. ಆದರೆ ಆ ರೈಲಿನಲ್ಲಿ ಕೂತವರು ನನ್ನ ಅಮ್ಮನೋ ತಂಗಿಯೋ ಆಗಿದ್ದರೆ ನನಗೆ ಹೇಗನಿಸುತ್ತಿತ್ತು ಎಂದು ಯೋಚಿಸುತ್ತೇನೆ. ಇವತ್ತು ಫೋಟೊ ತೆಗೆದ ಐದು ನಿಮಿಷಕ್ಕೆ ಊರೆಲ್ಲ ಹರಡುವ ಕಾಲದಲ್ಲಿ ಆ ದಾರಿ ನನಗೆ ಒಪ್ಪಿಗೆಯಿಲ್ಲ.

ಅದಕ್ಕೇ ನಾನೊಂದು ಗೆರೆ ಹಾಕಿಕೊಂಡಿದ್ದೇನೆ. ಮೆಟ್ರೊದಲ್ಲಿ, ಬಸ್ಸಿನಲ್ಲಿ, ತಿಪಟೂರಿನ ರೈಲಿನಲ್ಲಿ ಕ್ಯಾಮೆರಾ ಚೀಲದೊಳಗೆ. ಅಲ್ಲಿ ಮುಚ್ಚಿಡುವುದು ಕಳ್ಳರಿಂದ. ಮಾರುಕಟ್ಟೆಗೆ ಕಾಲಿಟ್ಟ ಕೂಡಲೇ ಕ್ಯಾಮೆರಾ ಕೈಯಲ್ಲಿ, ಎಲ್ಲರಿಗೂ ಕಾಣುವಂತೆ. ಬೇಡ ಎಂದವರ ಫೋಟೊ ತೆಗೆಯುವುದಿಲ್ಲ. ಚೀಲಕ್ಕೆ ತೂತು ಮಾಡಿ ಲೆನ್ಸ್ ಇಣುಕಿಸುವ ವಿದ್ಯೆ ನನಗೆ ಬೇಡ. ಚೀಲ ಸಾದಾ ಇರಬೇಕಾದದ್ದು ನಾನು ಫೋಟೊ ತೆಗೆಯುವವನೆಂದು ಮುಚ್ಚಿಡಲು ಅಲ್ಲ, ನಾನು ಟೀವಿಯವನೋ ಸಾಹೇಬನೋ ಎಂಬ ತಪ್ಪು ತಿಳಿವಳಿಕೆ ಹುಟ್ಟದಿರಲು. ಕ್ಯಾನ್ವಾಸ್ ಚೀಲ ಹಾಕಿಕೊಂಡು ಹೋದಾಗಲೂ ಜನ ಮಾತಾಡಿಸುತ್ತಾರೆ. ಆದರೆ ಪ್ರಶ್ನೆ ಬೇರೆ: ‘ಯಾವೂರು? ಏನು ಓದ್ತಿದ್ದೀಯ?’

ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ (1923-2009) ದೇಶವಿದೇಶದ ಪತ್ರಿಕೆಗಳಿಗೆ, ವಿಶ್ವ ಆರೋಗ್ಯ ಸಂಸ್ಥೆಗೆ, ಯುನಿಸೆಫ್‌ಗೆ ಫೋಟೊ ತೆಗೆದವರು. 1977ರಲ್ಲಿ ಪದ್ಮಶ್ರೀ ಪಡೆದವರು. ಅವರ ಚಿತ್ರಗಳಲ್ಲಿ ಹೆಚ್ಚಾಗಿ ಕಾಣುವುದು ಸಾಮಾನ್ಯ ಜನ, ಆಡುವ ಮಕ್ಕಳು, ದಿನದ ದುಡಿಮೆ. ಅಷ್ಟು ಹತ್ತಿರದಿಂದ ಜನ ಹಾಗೆ ಸಹಜವಾಗಿ ಇರಬೇಕೆಂದರೆ, ಎದುರಿಗಿರುವವನ ಬಗ್ಗೆ ಅವರಿಗೆ ಅಳುಕು ಇರಬಾರದು. ಆ ಅಳುಕನ್ನು ಬ್ಯಾಗೊಂದೇ ಹೋಗಲಾಡಿಸುವುದಿಲ್ಲ, ಆದರೆ ಹೆಚ್ಚಿಸದೇ ಇರಬಹುದು.

ಕೊನೆಗೆ ಎರಡು ಕಿವಿಮಾತು

ಬ್ಯಾಗು ಪ್ರಯಾಣಕ್ಕೆ ಮಾತ್ರ, ವಾಸಕ್ಕಲ್ಲ. ಮಳೆಗಾಲದಲ್ಲಿ ಫೋಮ್ ತೇವ ಹಿಡಿದಿಟ್ಟುಕೊಳ್ಳುತ್ತದೆ. ಅದರೊಳಗೆ ವಾರಗಟ್ಟಲೆ ಬಿಟ್ಟ ಲೆನ್ಸಿಗೆ ಬೂಷ್ಟು ಹತ್ತಬಹುದು. ಮನೆಗೆ ಬಂದ ಕೂಡಲೇ ಕ್ಯಾಮೆರಾ ತೆಗೆದು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಕುಡಿದು ತುಂಬಿದೆ ಎಂದರ್ಥ. ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು. ಖಾಲಿ ಬ್ಯಾಗನ್ನು ಬಾಯಿ ತೆರೆದು ಗಾಳಿಗೆ ನೇತುಹಾಕಿ. ಹಾಗೆಯೇ, ಹೊಸದು ಕೊಳ್ಳುವ ಮುನ್ನ ಆ ಬಗೆಯ ಬ್ಯಾಗನ್ನು ಯಾರಿಂದಲಾದರೂ ಪಡೆದು, ನಿಮ್ಮ ಸಾಮಾನಿನಷ್ಟೇ ತೂಕದ ಅಕ್ಕಿಯನ್ನೋ ಪುಸ್ತಕವನ್ನೋ ತುಂಬಿ, ಎರಡು ಗಂಟೆ ನಡೆದು ನೋಡಿ. ಅಂಗಡಿಯ ಕನ್ನಡಿಯ ಮುಂದೆ ಎರಡು ನಿಮಿಷ ಹಾಕಿಕೊಂಡರೆ ಎಲ್ಲ ಬ್ಯಾಗೂ ಚೆನ್ನಾಗಿಯೇ ಇರುತ್ತವೆ.

ಇನ್ನೊಂದು ಮಾತು, ಚಪ್ಪಟೆ ಜೇಬಿನ ಬಗ್ಗೆ. ಬೆನ್ನಿನ ಕಡೆ ಒಂದು ರಟ್ಟು ಹಿಡಿಸುವಷ್ಟು ಜೇಬಿರುವ ಬ್ಯಾಗನ್ನೇ ಆರಿಸಿ. ನಾನು ಫೋಟೊ ತೆಗೆದವರಿಗೆ ಕೊಡಲೆಂದು ಪೋಸ್ಟ್‌ಕಾರ್ಡ್ ಗಾತ್ರದ ಪ್ರಿಂಟುಗಳನ್ನು ಅದರಲ್ಲಿ ಒಯ್ಯುತ್ತೇನೆ. ಮೂಲೆ ಮುದುರಬಾರದು, ನೀರು ತಾಗಬಾರದು. ಹೂವಿನ ಸಾಲಿನಲ್ಲಿ ಕನಕಾಂಬರ ಕಟ್ಟುವ ಅಜ್ಜಿಯೊಬ್ಬರಿದ್ದಾರೆ. ಮೊದಲ ಪ್ರಿಂಟು ಕೊಟ್ಟಾಗ ಅವರು ಕೈ ಸೀರೆಗೆ ಒರೆಸಿಕೊಂಡು ತೆಗೆದುಕೊಂಡರು, ಬಹಳ ಹೊತ್ತು ನೋಡಿದರು, ನಂತರ ಎಲೆಯಡಿಕೆ ಚೀಲದೊಳಗೆ ಇಟ್ಟುಕೊಂಡರು. ಈಗ ನಾನು ಹೋದರೆ ಅವರು ಕ್ಯಾಮೆರಾ ಕಡೆ ನೋಡುವುದೇ ಇಲ್ಲ. ‘ಹೋದ ಸಲ ನಮ್ಮ ಸೊಸೇದು ತೆಗೆದೆಯಲ್ಲ, ತಂದಿದ್ದೀಯೇನಪ್ಪಾ?’ ಎಂದು ಚೀಲದ ಹಿಂದಿನ ಜೇಬಿನತ್ತ ಕೈ ತೋರಿಸುತ್ತಾರೆ.